ಹಕಾರದ ಮೇಷ್ಟ್ರು

ಬಸ್ಸು ಗುಬ್ಬಿ ಗೇಟ್ ದಾಟಿ ಹೆಗ್ಗೆರೆ ಕಡೆ ಓಡುತ್ತಿದ್ದಾಗ ಗುರುಪ್ರಕಾಶ್ ಫೋನಿನಲ್ಲಿದ್ದ ಆಮಂತ್ರಣವನ್ನು ಮೂರನೇ ಸಲ ಬೆರಳಲ್ಲಿ ಹಿಗ್ಗಿಸಿ ನೋಡಿದ. ಮೊದಲ ಸಲ ನೋಡಿದ್ದು ತನ್ನ ಫೋಟೋ ನೆಟ್ಟಗೆ ಬಂದಿದೆಯೇ ಅಂತ. ಎರಡನೇ ಸಲ, ‘ಖ್ಯಾತ ನಗೆ ಭಾಷಣಕಾರರು’ ಅನ್ನುವಲ್ಲಿ ಖ್ಯಾತವನ್ನು ಕ್ಯಾತ ಮಾಡಿಬಿಟ್ಟಿದ್ದಾರೋ ಅಂತ. ಹಾಗೆ ಮಾಡಿದ್ದರೆ ಅದನ್ನೇ ವೇದಿಕೆ ಮೇಲೆ ಹೇಳಿ ಎರಡು ನಿಮಿಷ ನಗಿಸಬಹುದಿತ್ತು, ಮಾಡಿರಲಿಲ್ಲ. ಮೂರನೇ ಸಲ ಕಣ್ಣು ಸುಮ್ಮನೆ ಕೆಳಕ್ಕೆ ಜಾರಿ, ಯಾರೂ ಓದದ ಕೊನೆಯ ಸಾಲಿಗೆ ಹೋಗಿ ಸಿಕ್ಕಿಕೊಂಡಿತು. ‘ವ್ಯವಸ್ಥೆ: ಶ್ರೀಮತಿ ಭಾನುಪ್ರಿಯಾ, ಗ್ರಂಥಾಲಯ ಮೇಲ್ವಿಚಾರಕಿ.’ ಜಿಲ್ಲೆಗೆಲ್ಲ ಒಬ್ಬಳೇನಾ ಭಾನುಪ್ರಿಯಾ ಅಂತ ತನಗೆ ತಾನೇ ಹೇಳಿಕೊಂಡ. ಆ ಹೆಸರಿನ ಸಿನಿಮಾ ನಟಿಯ ಕಾಲದಲ್ಲಿ ಊರಿಗೊಬ್ಬಳು ಭಾನುಪ್ರಿಯಾ ಹುಟ್ಟಿದ್ದಳು. ಆದರೂ ಆ ಸಾಲನ್ನು ಮತ್ತೊಮ್ಮೆ ಓದಿದ. ಕೊನೆಗೆ ತಡೆಯಲಾರದೆ ಮುತ್ತುರಾಜನಿಗೆ ಫೋನು ಮಾಡಿದ. ಮುತ್ತುರಾಜ ಆ ಲೈಬ್ರರಿ ಇರುವ ಊರಿನ ಪಂಚಾಯಿತಿ ಮೆಂಬರು, ಇವತ್ತು ಅಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಇವನನ್ನು ಕರೆದವನು.

‘ಬಂದ್ರಾ ಸಾರ್? ಕಾರ್ ಕಳಸ್ತೀನಿ ಅಂದ್ರೆ ಬೇಡ ಅಂದ್ರಿ...’

‘ಬಸ್ಸಲ್ಲಿದೀನಪ್ಪ. ಅಲ್ಲ, ಆ ಲೈಬ್ರರಿಯಮ್ಮ ಇದಾರಲ್ಲ, ಅವರದ್ದು ಯಾವೂರು?’

‘ಭಾನಕ್ಕನಾ? ಕುಣಿಗಲ್ ಕಡೆಯೋರು ಸಾರ್, ನಮ್ಮೂರಿಗೆ ಕೊಟ್ಟಿರೋದು. ಯಾಕ್ ಸಾರ್, ಪರಿಚಯನಾ?’

‘ಇಲ್ಲ ಇಲ್ಲ, ಸುಮ್ನೆ ಕೇಳ್ದೆ.’

‘ಬಂಗಾರದಂಥ ಹೆಂಗ್ಸು ಸಾರ್. ಎಲ್ಲ ಕೆಲ್ಸ ಒಬ್ಳೇ ಮಾಡ್ತಾಳೆ, ಮೈಕ್ ಒಂದು ಮುಟ್ಟಲ್ಲ. ಸ್ವಾಗತ ನೀನೇ ಮಾಡಕ್ಕ ಅಂದ್ರೆ ಕೈ ಮುಗುದ್ಬುಡ್ತಾಳೆ. ಹಾಂ ಸಾರ್, ಆ ಸ್ವಾಗತದ ಜೋಕ್ ಮಾತ್ರ ಮರೀಬ್ಯಾಡಿ. ಅದನ್ನ ಕೇಳಕ್ಕೇ ಅಂತ್ಲೇ ಜನ ಬತ್ತಾವ್ರೆ.’

ಫೋನು ಇಟ್ಟ ಮೇಲೆ ‘ಇಲ್ಲ ಇಲ್ಲ’ ಅಂದದ್ದು ಬಾಯಲ್ಲೇ ಉಳಿಯಿತು. ಎಷ್ಟು ಸಲೀಸಾಗಿ ಬಂತಪ್ಪ ಸುಳ್ಳು, ಕೇಳುವುದಕ್ಕೆ ಮೊದಲೇ ಸಿದ್ಧವಾಗಿತ್ತಲ್ಲ ಅಂತ ತನ್ನ ನಾಲಿಗೆಯ ಮೇಲೇ ಅವನಿಗೆ ಸಿಟ್ಟು ಬಂತು. ಮುಂದಿನ ಸೀಟಿನಲ್ಲಿ ಕಂಡಕ್ಟರು ಒಬ್ಬ ಅಜ್ಜಿಯ ಹತ್ತಿರ ಆಧಾರ್ ಕೇಳುತ್ತಿದ್ದ. ಅಜ್ಜಿ ಸೊಂಟದ ಚೀಲ ತಡಕಾಡುತ್ತ, ‘ಐತೆ ಕಣಪ್ಪ ಹಾಧಾರು, ಎಲ್ಲೋಯ್ತದೆ’ ಅಂದಳು. ಗುರುಪ್ರಕಾಶನ ಕಿವಿ ಟಕ್ಕನೆ ನೆಟ್ಟಗಾಯಿತು. ಹಾಧಾರು! ಹೆಬ್ಬೆರಳು ಆಗಲೇ ಫೋನಿನ ನೋಟ್ಸ್ ತೆರೆದು ಅದನ್ನು ಬರೆದುಕೊಳ್ಳಲು ಶುರು ಮಾಡಿತ್ತು. ಈ ಹಾಳು ಕಿವಿ. ಇಪ್ಪತ್ತೆರಡು ವರ್ಷದಿಂದ ಇದು ಮನುಷ್ಯರ ಮಾತು ಕೇಳಿಲ್ಲ, ಬರೀ ಅವರ ತಪ್ಪು ಕೇಳಿದೆ. ಬರೆದದ್ದನ್ನು ಅಳಿಸಿದ. ಅಳಿಸಿದರೇನು, ಮನಸ್ಸಿನಲ್ಲಿ ಆಗಲೇ ಅದಕ್ಕೆ ಒಂದು ಕಂಡಕ್ಟರ್ ಕಥೆ ಕಟ್ಟಿಯಾಗಿತ್ತು.

ಆ ಸ್ವಾಗತದ ಜೋಕು ಅಂದರೆ ಇಷ್ಟೇ. ಒಂದು ಹಳ್ಳಿ, ಅಲ್ಲೊಂದು ಹೈಸ್ಕೂಲು. ಆ ಊರಿನವರ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ. ಕನ್ನಡ ಮೇಷ್ಟ್ರು ಬೈದು ಬಡಿದು ಹಕಾರ ಕಲಿಸಿದರೆ ಅದು ಬೇಡದ ಕಡೆಯೆಲ್ಲ ಬಂದು ಕೂತು ಅಕ್ಕಿಯನ್ನು ಹಕ್ಕಿ ಮಾಡಿ ಹಾರಿಸುತ್ತದೆ. ವಾರ್ಷಿಕೋತ್ಸವದ ದಿನ ಸ್ವಾಗತಕ್ಕೆ ನಿಂತ ಹುಡುಗಿ ಬಿಇಒ ಸಾಹೇಬರ ಕಡೆ ತಿರುಗಿ ‘ತಮಗೆಲ್ಲ ಆದರದ ಸ್ವಾಗತ’ ಅನ್ನಬೇಕು. ಏನಂದಳು? ಇಲ್ಲಿ ಗುರುಪ್ರಕಾಶ್ ಮಾತು ನಿಲ್ಲಿಸಿ ಕೈಯನ್ನು ಕಿವಿಗೆ ಅಡ್ಡ ಹಿಡಿಯುತ್ತಾನೆ. ಅಷ್ಟೇ, ಸಭೆ ತಾನಾಗಿಯೇ ‘ಹಾದರದ!’ ಅಂತ ಕೂಗುತ್ತದೆ. ತುಮಕೂರಲ್ಲಿ ಕೂಗಿದೆ, ಅಂತರಸನಹಳ್ಳಿಯ ಕಾರ್ಖಾನೆಗಳ ರಾಜ್ಯೋತ್ಸವಗಳಲ್ಲಿ ಕೂಗಿದೆ, ಮದುವೆ ಛತ್ರದಲ್ಲಿ ಗಂಡು ಹೆಣ್ಣು ಕೂತಿರುವಾಗಲೂ ಕೂಗಿದೆ. ಯಾರೋ ಅದನ್ನು ವಿಡಿಯೋ ಮಾಡಿ ಹಾಕಿ ಲಕ್ಷಾಂತರ ಜನ ನೋಡಿದ್ದಾರೆ. ಅವನಿಗೆ ‘ಹಕಾರದ ಮೇಷ್ಟ್ರು’ ಅನ್ನುವ ಹೆಸರೂ ಅದರಿಂದಲೇ ಬಂದದ್ದು.

ಜೋಕಿನಲ್ಲಿ ಹೇಳದೆ ಬಿಟ್ಟದ್ದು ಒಂದೇ. ಆ ಹುಡುಗಿ ತಪ್ಪು ಓದಿರಲಿಲ್ಲ. ಕಾಗದದಲ್ಲಿ ಇದ್ದದ್ದೇ ಹಾಗೆ, ಬರೆದವನು ಗುರುಪ್ರಕಾಶ್. ಕುಣಿಗಲ್ ಕಡೆಯ ಆ ಶಾಲೆಗೆ ಅವನು ಹೊಸದಾಗಿ ಬಂದಿದ್ದ. ಮೂವತ್ತರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಶುದ್ಧ ಕನ್ನಡ. ಆ ಶುದ್ಧವನ್ನು ಅವನು ಎಲ್ಲಿಂದ ತಂದಿದ್ದ ಅಂತ ಅವನಿಗೆ ಮಾತ್ರ ಗೊತ್ತು. ಅವನು ಹುಟ್ಟಿದ ಮನೆಯಲ್ಲೂ ಆಲೇ, ಅಳ್ಳಿಯೇ. ಹಾಸ್ಟೆಲಿಗೆ ಸೇರಿದ ವರ್ಷ, ಊಟದ ಸಾಲಿನಲ್ಲಿ ‘ಇನ್ನೊಸಿ ಉಳಿ ಆಕಣ್ಣ’ ಅಂದದ್ದಕ್ಕೆ ಪಕ್ಕದವರು ಅವನನ್ನು ವರ್ಷವೆಲ್ಲ ‘ಉಳಿ’ ಅಂತ ಕರೆದಿದ್ದರು. ಆಮೇಲೆ ಅವನು ಒಂದು ನಿಯಮ ಮಾಡಿಕೊಂಡ. ತನ್ನ ಬಾಯಿಗೆ ಮೊದಲು ಯಾವುದು ಬರುತ್ತದೋ ಅದು ತಪ್ಪು, ಅದರ ಎದುರಿನದ್ದು ಸರಿ. ಆ ನಿಯಮ ಹಿಡಿದುಕೊಂಡೇ ಎಂಎ ಮಾಡಿದ, ಮೇಷ್ಟ್ರಾದ. ನೂರರಲ್ಲಿ ತೊಂಬತ್ತೊಂಬತ್ತು ಸಲ ಆ ನಿಯಮ ಅವನ ಕೈ ಹಿಡಿಯಿತು. ವಾರ್ಷಿಕೋತ್ಸವಕ್ಕೆ ಎರಡು ದಿನ ಇರುವಾಗ, ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಸ್ವಾಗತ ಭಾಷಣ ತಿದ್ದಿ ಬರೆಯುವಾಗ ಅವನ ಪೆನ್ನು ಮೊದಲು ‘ಆದರದ’ ಅಂತಲೇ ಬರೆದಿತ್ತು. ಬರೆದ ಮೇಲೆ ಅನುಮಾನ ಬಂತು. ಇಷ್ಟು ಸಲೀಸಾಗಿ ಬಂತಲ್ಲ, ನಮ್ಮವ್ವನೂ ಹೀಗೇ ಅಂತಾಳಲ್ಲ, ಹಾಗಿದ್ದ ಮೇಲೆ ತಪ್ಪೇ ಇರಬೇಕು. ಹೊಡೆದು ಹಾಕಿ, ಪಕ್ಕದಲ್ಲಿ ದುಂಡಗೆ, ಚೆಂದವಾಗಿ ‘ಹಾದರದ’ ಅಂತ ಬರೆದ. ಹಾದರ ಅಂದರೇನು ಅಂತ ಗೊತ್ತಿಲ್ಲದವನಲ್ಲ. ಆದರೆ ಆ ಹೊತ್ತಿಗೆ ಅವನಿಗೆ ಪದ ಕಾಣಿಸಲೇ ಇಲ್ಲ, ಹಕಾರ ಮಾತ್ರ ಕಾಣಿಸಿತು.

ಎಂಟು ದಿನ ಭಾನುಪ್ರಿಯಾಗೆ ಹಕಾರ ಕಲಿಸಿದ್ದ, ತಿದ್ದಿದ ಕಾಗದ ಕೊಟ್ಟದ್ದು ಮಾತ್ರ ಹಿಂದಿನ ದಿನ. ಒಂಬತ್ತನೇ ಕ್ಲಾಸು, ಎರಡು ಜಡೆ, ತರಗತಿಗೆಲ್ಲ ಚೆನ್ನಾಗಿ ಓದುವವಳು. ಅದಕ್ಕೇ ಅವಳನ್ನು ಆರಿಸಿದ್ದು. ಅಂಗೈ ಬಾಯಿ ಮುಂದೆ ಹಿಡಿ, ಗಾಳಿ ಅಂಗೈಗೆ ಬಡಿದರೆ ಅದು ಹಕಾರ, ಬಡಿಯದಿದ್ದರೆ ನೀನು ಎಮ್ಮೆ ಕಾಯೋಕೆ ಹೋಗು ಅನ್ನುತ್ತಿದ್ದ. ಅವಳು ಅಂಗೈ ಹಿಡಿದುಕೊಂಡು ಹ, ಹಾ, ಹಿ ಅಂತ ಕಾರಿಡಾರಿನಲ್ಲಿ ನಿಂತು ಉಸಿರು ಬಿಡುತ್ತಿದ್ದಳು. ವೇದಿಕೆ ಮೇಲೆ ಅವಳು ಆ ಪದವನ್ನು ಎಷ್ಟು ಚೆನ್ನಾಗಿ ಹೇಳಿದಳು ಅಂದರೆ, ಹೊಟ್ಟೆಯಿಂದ ಗಾಳಿ ಎತ್ತಿ, ಕೊನೆಯ ಬೆಂಚಿಗೂ ಕೇಳುವ ಹಾಗೆ. ಹಿಂದಿನಿಂದ ಒಂದು ಸಿಳ್ಳೆ ಬಂತು. ಬಿಇಒ ಸಾಹೇಬರು ಹೆಡ್‌ಮಾಸ್ಟರ ಕಡೆ, ಹೆಡ್‌ಮಾಸ್ಟರು ಇವನ ಕಡೆ ತಿರುಗಿದರು. ಕಾಗದದಲ್ಲಿ ಏನಿದೆ ಅಂತ ಇವನಿಗೆ ಆ ಗಳಿಗೆಯಲ್ಲೇ ನೆನಪಾಯಿತು. ತನಗೇ ತಿಳಿಯದೆ ಎದ್ದು ಹೋಗಿ, ಹುಡುಗಿಯ ಕೈಯಿಂದ ಕಾಗದ ಕಿತ್ತುಕೊಂಡು ಜೇಬಿಗೆ ತುರುಕಿ, ಮೈಕು ಹಿಡಿದು, ‘ಸ್ವಾಮಿ, ಈ ಮಕ್ಕಳಿಗೆ ಹಕಾರ ಕಲಿಸಿ ಕಲಿಸಿ ನನ್ನ ಹಲ್ಲೇ ಉದುರಿ ಹೋದವು’ ಅಂದ. ಬಿಇಒ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಊರೇ ನಕ್ಕಿತು. ತನ್ನ ಮಾತಿಗೆ ಅಷ್ಟು ಜನ ನಕ್ಕದ್ದು ಅವನ ಜನ್ಮದಲ್ಲಿ ಅದೇ ಮೊದಲು. ಥೂ, ಆ ಹೊತ್ತಿನಲ್ಲೂ ಅದು ಅವನಿಗೆ ಹಿತವಾಗಿತ್ತು. ಹುಡುಗಿ ಅಲ್ಲೇ ನಿಂತಿದ್ದಳು, ಇಳಿದು ಹೋಗು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕಾಗದವನ್ನು ಮನೆಗೆ ಹೋದವನೇ ಬಚ್ಚಲ ಒಲೆಗೆ ಹಾಕಿದ.

ಮಾರನೇ ದಿನದಿಂದ ಹುಡುಗರು ಅವಳನ್ನು ಆ ಪದದಿಂದಲೇ ಕರೆದರು. ಹದಿನಾಲ್ಕು ವರ್ಷದ ಹೆಣ್ಣುಮಗುವನ್ನು, ಬೀದಿಯಲ್ಲಿ, ಆ ಪದದಿಂದ. ಅವಳ ತಾಯಿ ದೊಡ್ಡಗಂಗಮ್ಮ ಒಂದು ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ‘ಮೇಷ್ಟ್ರೇ, ನನ್ ಮಗ ಏನೋ ಅಂದ್ಬುಟ್ಲಂತೆ, ಉಡುಗ್ರು ಬುಡ್ತಾ ಇಲ್ಲ, ಇಸ್ಕೂಲಿಗೆ ಓಗಲ್ಲ ಅಂತಾಳೆ, ನೀವೊಂದ್ ಮಾತು ಏಳಿ’ ಅಂದಳು. ಮಗಳನ್ನು ‘ಮಗ’ ಅಂತ ಕರೆಯುವ ಅವಳ ಮುದ್ದಿನ ಮಾತು ಅವನಿಗೆ ಈಗಲೂ ಕೇಳಿಸುತ್ತದೆ. ಅವನು, ‘ಮಕ್ಕಳು ಮರೀತಾರೆ ಬಿಡಮ್ಮ’ ಅಂದ. ತಪ್ಪು ನಂದು ಅನ್ನುವ ಎರಡೇ ಎರಡು ಪದ ಬಾಯಿಂದ ಹೊರಡಲಿಲ್ಲ. ಹುಡುಗಿ ಆ ವರ್ಷವೇ ಶಾಲೆ ಬಿಟ್ಟಳು. ಇವನು ವರ್ಗ ಮಾಡಿಸಿಕೊಂಡು ತುಮಕೂರಿಗೆ ಬಂದ. ಬಂದ ವರ್ಷ ಒಂದು ಸಮಾರಂಭದಲ್ಲಿ ಮಾತಿಗೆ ಏನೂ ತೋಚದೆ ಆ ಪ್ರಸಂಗ ಹೇಳಿದ. ಅಲ್ಲಿಗೆ ಬಿತ್ತು ನೋಡಿ ರುಚಿ.

ಮಲ್ಲಸಂದ್ರದಲ್ಲಿ ಅಜ್ಜಿ ಇಳಿದಳು. ಇಳಿಯುವಾಗ ಕಂಬಿ ಹಿಡಿದ ಅವಳ ಕೈ ಅವ್ವನ ಕೈಯ ಹಾಗೇ ಇತ್ತು, ಗೆಣ್ಣು ದಪ್ಪ, ಬಳೆ ಸಡಿಲ. ಅವ್ವ ಬಸವಲಿಂಗಮ್ಮ ಒಂದೇ ಒಂದು ಸಲ ಅವನ ಭಾಷಣ ಕೇಳಲು ಬಂದಿದ್ದಳು, ತುಮಕೂರಿನ ಟೌನ್ ಹಾಲಿಗೆ, ಮುಂದಿನ ಸಾಲಿನಲ್ಲಿ ಸೆರಗು ಹೊದ್ದು. ಅವತ್ತು ಅವನು ಸಂತೆಯ ಹೆಂಗಸಿನ ಜೋಕು ಹೇಳಿದ. ಅಂಗಡಿಯವನ ಮುಂದೆ ನಿಂತು ‘ಹಕ್ಕಿ ಸೇರು ಎಂಗೆ’ ಅಂತ ಕೇಳುವ, ‘ಒಸಿ ಉಣಸೆ ಅಣ್ಣು ಕೊಡಣ್ಣ’ ಅನ್ನುವ ಹೆಂಗಸು. ಅದು ಅವ್ವನೇ. ಅವ್ವನ ಮಾತು, ಅವ್ವನ ಕತ್ತು ಕೊಂಕಿಸುವ ರೀತಿ. ಅವ್ವ ಎಲ್ಲರ ಜೊತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮನೆಗೆ ಬಂದು ಚಪ್ಪಲಿ ಬಿಡುತ್ತ, ‘ಅಲ್ಲ ಕಣಪ್ಪ, ಅದುಕ್ಕೆ ಅಕ್ಕಿ ಅನ್ಬೇಕಾ, ಹಕ್ಕಿ ಅನ್ಬೇಕಾ?’ ಅಂದಳು. ಆಮೇಲೆ ಸಾಯುವವರೆಗೆ ಮನೆಗೆ ಯಾರಾದರೂ ಬಂದರೆ ಅವ್ವ ಮಾತಾಡುತ್ತಿರಲಿಲ್ಲ, ನಗುತ್ತ ತಲೆ ಆಡಿಸುತ್ತಿದ್ದಳು. ನಿಮ್ಮ ತಾಯಿಯವರು ಬಹಳ ಗಂಭೀರ ಸ್ವಭಾವದವರು ಅಂತ ಒಬ್ಬರು ಪ್ರಾಂಶುಪಾಲರು ಹೊಗಳಿದ್ದರು.

ಹೇಳಿಬಿಡಬೇಕು ಅಂತ ಗುರುಪ್ರಕಾಶ್ ತೀರ್ಮಾನ ಮಾಡಿದ. ಇವತ್ತು ಭಾನುಪ್ರಿಯಾಗೆ ಹೇಳಿಬಿಡಬೇಕು, ಅಮ್ಮಾ, ಆ ತಪ್ಪು ನಿನ್ನದಲ್ಲ ಅಂತ. ಇಪ್ಪತ್ತೆರಡು ವರ್ಷದಿಂದ ತನ್ನ ನಾಲಿಗೆಯೇ ಕೆಟ್ಟದ್ದು ಅಂದುಕೊಂಡು ಮೈಕು ಮುಟ್ಟದೆ ಬದುಕಿದ್ದಾಳೆ, ಆ ಹೊರೆ ಇಳಿಸಬೇಕು. ತೀರ್ಮಾನ ಮಾಡಿದ್ದೇ ತಡ, ಮನಸ್ಸು ಕಥೆ ಕಟ್ಟಲು ಶುರು ಮಾಡಿತು. ಅವಳ ಕಣ್ಣಲ್ಲಿ ನೀರು ಬರುತ್ತದೆ, ಅವಳು ಕಾಲು ಮುಟ್ಟಲು ಬರುತ್ತಾಳೆ, ಇವನು ತಡೆಯುತ್ತಾನೆ. ಮುಂದೊಂದು ದಿನ ಯಾವುದೋ ಸಭೆಯಲ್ಲಿ ಇದನ್ನೇ ಹೇಳಿದರೆ ಜನ ಕಣ್ಣು ಒರೆಸಿಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಅಷ್ಟು ದೂರ ಹೋದ ಮೇಲೆ ಅವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ತಿಳಿಯಿತು. ಕ್ಷಮೆ ಕೇಳುವ ಮೊದಲೇ ಅದನ್ನು ಐಟಂ ಮಾಡಿಕೊಂಡಿದ್ದ.

ಗುಬ್ಬಿಯಲ್ಲಿ ಮುತ್ತುರಾಜ ಬೈಕು ತಂದಿದ್ದ. ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆ ತಿರುಗುವ ರಸ್ತೆ, ಅದರಿಂದ ಒಳಕ್ಕೆ ಒಂದು ಊರು. ಪಂಚಾಯಿತಿ ಕಟ್ಟಡದ ಪಕ್ಕ ಹೊಸದಾಗಿ ಹಳದಿ ಬಣ್ಣ ಬಳಿದ ಒಂದೇ ಕೋಣೆಯ ಲೈಬ್ರರಿ, ಅದರ ಮುಂದೆ ಶಾಮಿಯಾನ. ‘ಒಳಗೆ ಕೂತಿರಿ ಸಾರ್, ಸೌಂಡ್ ಸಿಸ್ಟಂನೋನು ಕೈ ಕೊಟ್ಟವ್ನೆ, ಒಂದ್ ನಿಮಿಷ’ ಅಂತ ಮುತ್ತುರಾಜ ಹೋದ. ಒಳಗೆ ಗೋಡೆಗೆ ಒತ್ತಿದ ಕಬ್ಬಿಣದ ಬೀರುಗಳು, ಉದ್ದದ ಟೇಬಲ್ಲು. ಪುಟ್ಟರಂಗಯ್ಯ ಅನ್ನುವ ಮುದುಕರೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪೇಪರು ಓದುತ್ತಿದ್ದರು. ಪಂಚೆ ಸರಿಮಾಡಿಕೊಂಡು ಎದ್ದು, ‘ಓ, ಅಕಾರದ್ ಮೇಷ್ಟ್ರು!’ ಅಂದು ಕೈ ಮುಗಿದು, ಜಾಗ ಬಿಟ್ಟುಕೊಡಬೇಕೇನೋ ಅಂದುಕೊಂಡು ಹೊರಗೆ ನಡೆದರು. ಆಗ ಅವಳು ಬಂದಳು, ಕೈಯಲ್ಲಿ ಮಜ್ಜಿಗೆ ಲೋಟ.

ಗುರುತು ಸಿಗಲಿಲ್ಲ. ಕೂದಲಿನಲ್ಲಿ ಒಂದೆರಡು ಬಿಳಿ ಎಳೆ, ಮೂಗಿನ ಮೇಲೆ ಕನ್ನಡಕದ ಗುರುತು. ಲೋಟ ಇಟ್ಟು, ‘ಚೆನ್ನಾಗಿದೀರಾ ಸಾರ್’ ಅಂದಳು. ನೀನು ಅನ್ನಲೋ ನೀವು ಅನ್ನಲೋ ಗೊತ್ತಾಗದೆ ಗುರುಪ್ರಕಾಶ್ ಸುಮ್ಮನೆ, ‘ಹೂಂ, ಕುಣಿಗಲ್ ಕಡೆ ಅಲ್ವಾ’ ಅಂದ. ‘ಊಂ ಸಾರ್’ ಅಂದಳು. ಅವಳು ಟೇಬಲ್ಲಿನ ಮೇಲಿನ ಪೇಪರುಗಳನ್ನು ಜೋಡಿಸಲು ಶುರು ಮಾಡಿದಳು. ಮಜ್ಜಿಗೆ ಕುಡಿದರೆ ಮಾತು ಹಿಂದೆ ಹೋಗುತ್ತದೆ ಅನ್ನಿಸಿ ಅವನು ಲೋಟ ಮುಟ್ಟಲಿಲ್ಲ.

‘ನೋಡಮ್ಮ,’ ಅಂದ. ‘ಅವತ್ತು, ಆ ವಾರ್ಷಿಕೋತ್ಸವದಲ್ಲಿ... ನೀನು ತಪ್ಪು ಓದಲಿಲ್ಲ. ನಾನು ಬರ್ಕೊಟ್ಟಿದ್ದೇ ಹಾಗಿತ್ತು. ತಪ್ಪು ನಂದು.’

ಅವಳ ಕೈ ನಿಲ್ಲಲಿಲ್ಲ. ‘ಗೊತ್ತು ಸಾರ್’ ಅಂದಳು. ‘ನಂಗೆ ಓದಕ್ ಬತ್ತಿತ್ತಲ್ಲ.’

ಹೊರಗೆ ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ಅವಳಿಗೆ ಓದಲು ಬರುತ್ತಿತ್ತು ಅನ್ನುವ ಸಣ್ಣ ಸಂಗತಿ ಈ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವನಿಗೆ ಹೊಳೆದಿರಲಿಲ್ಲ.

‘ಮೊದ್ಲಿನ್ ದಿನ್ವೇ ನೋಡಿದ್ದೆ ಸಾರ್’ ಅಂದಳು, ಯಾರದೋ ವಿಷಯ ಹೇಳುವ ಹಾಗೆ. ‘ಇದೇನಿಂಗೈತೆ ಅನ್ನುಸ್ತು. ಕೇಳಾನ ಅಂತ ಸ್ಟಾಫ್ ರೂಮ್ ತಾವ ಬಂದೆ. ನೀವು ತಲೆ ಎತ್ತಿ ಏನು ಅಂದ್ರಿ. ಏನಿಲ್ಲ ಸಾರ್ ಅಂತ ಒಂಟೋದೆ.’

‘ಬಂದಿದ್ಯಾ?’ ಅವನಿಗೆ ನೆನಪೇ ಇರಲಿಲ್ಲ.

‘ಊಂ. ಮೇಷ್ಟ್ರು ಬರ್ದಿರೋದು, ಒಡ್ದಾಕಿ ಬೇರೆ ಬರ್ದವ್ರೆ, ಅವ್ರಿಗ್ ಗೊತ್ತಿಲ್ವಾ, ನಂಗೇ ಏನೋ ಗೊತ್ತಿಲ್ಲ ಅಂದ್ಕಂಡೆ. ಎಂಟು ದಿನ ಕೈ ಇಟ್ಕಂಡು ಕಲ್ತಿದ್ನಲ್ಲ, ಚೆನ್ನಾಗಿ ಗಾಳಿ ಬುಟ್ಟು ಅಂದ್ಬುಟ್ಟೆ.’ ಇಲ್ಲಿ ಮಾತ್ರ ಅವಳು ಸ್ವಲ್ಪ ನಕ್ಕಳು. ಆ ನಗು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

‘ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?’

‘ಕಾಗ್ದ ನೀವ್ ಕಿತ್ಕಂಡ್ರಲ್ಲ ಸಾರ್. ಬಾಯ್ ಮಾತು ಯಾರ್ ಕೇಳ್ತಾರೆ.’ ಅವಳು ಪೇಪರಿನ ಅಂಚುಗಳನ್ನು ಟೇಬಲ್ಲಿಗೆ ತಟ್ಟಿ ಸಮ ಮಾಡಿದಳು. ‘ಆಮೇಲೆ ಅತ್ತು ವರ್ಷ ಬುಟ್ಟು ಎಸ್ಸೆಸ್ಸೆಲ್ಸಿ ಕಟ್ಟಿದೆ, ಪಿಯುಸಿ ಕಟ್ಟಿದೆ. ಇಲ್ಲಿ ಕೆಲ್ಸ ಸಿಕ್ತು. ಸನಿವಾರ ಮಕ್ಳುನ್ನ ಕೂರುಸ್ಕಂಡು ಕತೆ ಓದ್ತೀನಿ. ಅಳ್ಳಿ ಮಾತಲ್ಲೇ ಓದ್ತೀನಿ, ಕೇಳ್ತವೆ. ಓದ್ ತಿಂಗ್ಳು ನನ್ ಮಗ್ಳು ಕಾವ್ಯ ಫೋನ್ ಇಡ್ಕಂಡ್ ಬಂದು, ಅಮ್ಮ ಇಲ್ ನೋಡು ಸಕತ್ತಾಗೈತೆ ಅಂತ ನಿಮ್ ವಿಡಿಯೋ ತೋರ್ಸಿದ್ಲು. ಬಿದ್ ಬಿದ್ ನಕ್ಳು. ನಾನೂ ನಕ್ಕೆ. ಅದು ನಾನೇ ಅಂತ ಅವ್ಳಿಗೆ ಗೊತ್ತಿಲ್ಲ.’

ಅವ್ವ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಣ್ಣ ಮುಂದೆ ಬಂದು ಗುರುಪ್ರಕಾಶನಿಗೆ ಕೂರಲಾಗಲಿಲ್ಲ. ಎದ್ದ. ಏಳುವಾಗ ಕುರ್ಚಿ ಕರ್ರ್ ಅಂತ ಸದ್ದು ಮಾಡಿತು. ‘ಕ್ಷಮಿಸಮ್ಮ’ ಅಂದ. ಹೇಳಿದ ಮೇಲೆ ಆ ಪದ ಎಷ್ಟು ಪುಸ್ತಕದ ಪದ ಅನ್ನಿಸಿತು. ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಕೋಪ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

‘ನಂಗ್ಯಾಕ್ ಏಳ್ತೀರ ಸಾರ್?’ ಅಂದಳು. ‘ನಂಗ್ ಗೊತ್ತಿರೋದೇ. ಗೊತ್ತಿಲ್ದೋರ್ಗೆ ಏಳಿ.’ ಅಂದು, ಮೂಲೆಯಲ್ಲಿದ್ದ ಚಾಪೆಗಳನ್ನು ಎತ್ತಿಕೊಂಡು ಶಾಮಿಯಾನದ ಕಡೆ ಹೋದಳು.

ವೇದಿಕೆ ಮೇಲೆ ಅವನ ಪಕ್ಕ ಯಾರು ಕೂತಿದ್ದರು, ಏನು ಮಾತಾಡಿದರು, ಒಂದೂ ಅವನ ತಲೆಗೆ ಹೋಗಲಿಲ್ಲ. ಹಾರ ಹಾಕಿದರು, ತೆಗೆದಿಟ್ಟ. ಕೆಳಗೆ ಚಾಪೆ ಮೇಲೆ ಮಕ್ಕಳು, ಹಿಂದೆ ಸ್ತ್ರೀಶಕ್ತಿ ಸಂಘದವರು, ಇನ್ನೂ ಹಿಂದೆ ಕುರ್ಚಿಗಳಲ್ಲಿ ಫ್ಯಾಕ್ಟರಿಗೆ ರಜೆ ಇದ್ದ ಹುಡುಗರು, ಪುಟ್ಟರಂಗಯ್ಯ. ಒಂದು ಪಕ್ಕದಲ್ಲಿ ರಿಜಿಸ್ಟರು ಹಿಡಿದು ಕೂತ ಕಾಲೇಜು ಹುಡುಗಿಯ ಹಣೆ ಭಾನುಪ್ರಿಯಾಳದ್ದೇ, ಅವಳೇ ಕಾವ್ಯ ಇರಬೇಕು. ಆ ಹುಡುಗಿಯನ್ನು ನೋಡಿದ ಮೇಲೆ ಅವನ ಧೈರ್ಯ ಅರ್ಧಕ್ಕೆ ಇಳಿಯಿತು. ಇವತ್ತು ಬೇಡ, ಬೇರೆ ಜೋಕು ಹೇಳಿ ಹೊರಟುಬಿಡೋಣ, ಕಂಡಕ್ಟರ್ ಅಜ್ಜಿದು ಹೇಳೋಣ ಅಂತ ಒಂದು ಬುದ್ಧಿ ಹೇಳಿತು. ಅಷ್ಟರಲ್ಲಿ ಮುತ್ತುರಾಜ ಮೈಕಿನಲ್ಲಿ, ‘ಈಗ ನಮ್ಮ ಹಕಾರದ ಮೇಷ್ಟ್ರು!’ ಅಂತ ಕೂಗಿದ, ಚಪ್ಪಾಳೆ ಬಿತ್ತು. ಗುರುಪ್ರಕಾಶ್ ಎದ್ದು ನಿಂತ. ಲೈಬ್ರರಿಯ ಬಾಗಿಲಲ್ಲಿ, ಕಂಬಕ್ಕೆ ಕೈ ಆನಿಸಿ ಅವಳು ನಿಂತಿದ್ದಳು.

‘ಇವತ್ತು ನಾನು ಜೋಕ್ ಹೇಳಲ್ಲ’ ಅಂದ.

ಜನ ನಕ್ಕರು.

‘ನಿಜ ಹೇಳ್ತೀನಿ.’

ಇನ್ನೂ ಜಾಸ್ತಿ ನಕ್ಕರು. ಹಿಂದಿನಿಂದ ಒಬ್ಬ, ‘ಯೋಳಿ ಸಾ, ಯೋಳಿ’ ಅಂದ. ಗುರುಪ್ರಕಾಶ್ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ‘ಆ ಸ್ವಾಗತದ ಹುಡುಗಿ ಕಥೆ ನಿಮಗೆಲ್ಲ ಗೊತ್ತು. ಆ ಹುಡುಗಿ ತಪ್ಪು ಓದಿರಲಿಲ್ಲ. ಕಾಗದದಲ್ಲಿ ಬರೆದಿದ್ದೇ...’ ಅಂದ, ಅಲ್ಲಿ ಉಸಿರು ತೆಗೆದುಕೊಂಡ.

‘ಹಾದರದ!’ ಅಂತ ಇಡೀ ಶಾಮಿಯಾನ ಕೂಗಿತು. ಮುಂದೆ ಕೂತ ಚಿಕ್ಕ ಮಕ್ಕಳು ಎಲ್ಲರಿಗಿಂತ ಜೋರಾಗಿ, ಅರ್ಥ ಗೊತ್ತಿಲ್ಲದೆ, ಕುಣಿಯುತ್ತ ಕೂಗಿದವು.

‘ಅದನ್ನ ಬರೆದೋನು ನಾನು’ ಅಂದ. ನಗೆ ಸಿಡಿಯಿತು. ಮುತ್ತುರಾಜ ತೊಡೆ ತಟ್ಟಿಕೊಂಡ. ‘ನಗಬೇಡಿ’ ಅಂದರೆ ಅದಕ್ಕೂ ನಕ್ಕರು, ‘ದಯವಿಟ್ಟು’ ಅಂದದ್ದಕ್ಕೆ ಪುಟ್ಟರಂಗಯ್ಯನವರಿಗೆ ಕೆಮ್ಮು ಬಂದುಬಿಟ್ಟಿತು. ಜನರನ್ನು ಅಂದು ಏನು ಪ್ರಯೋಜನ? ಎಲ್ಲಿ ನಗಬೇಕು ಅಂತ ಅವರಿಗೆ ಕಲಿಸಿದವನು ಇವನೇ. ತನ್ನ ಬಲಗೈ ಮೈಕು ಬಿಟ್ಟು ಕಿವಿಯ ಹತ್ತಿರ ಹೋಗಿ ನಿಂತಿರುವುದು ಅವನಿಗೆ ಆಗ ಕಂಡಿತು. ಯಾವಾಗ ಹೋಯಿತೋ. ಉಸಿರು ತೆಗೆದುಕೊಂಡೆ ಅಂದುಕೊಂಡದ್ದು ಉಸಿರಾಗಿರಲಿಲ್ಲ. ಜನ ಕೂಗಲಿ ಅಂತ ಬಿಟ್ಟ ಜಾಗವೇ ಅದು, ಪ್ರತಿ ಸಲ ಬಿಡುವಷ್ಟೇ, ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲದೆ. ಇಷ್ಟು ಕೆಳಗೆ ಇಳಿದಿದ್ದೇನೆಯೇ ಅಂತ ಅವನಿಗೆ ಅಳು ಬಂತು. ಅಳು ಬಂದ ಮುಖ ನೋಡಿ ಮುಂದಿನ ಸಾಲಿನ ಹೆಂಗಸರು, ‘ಆಕ್ಟಿಂಗ್ ನೋಡೇ’ ಅಂತ ಒಬ್ಬರನ್ನೊಬ್ಬರು ತಿವಿದರು.

‘ಒಸಿ ಸುಮ್ಕಿರ್ರಪ್ಪ.’

ಮೈಕಿಲ್ಲದ ದನಿ. ಮೊದಲು ಸುಮ್ಮನಾದವರು ಮಕ್ಕಳು. ಶನಿವಾರದ ಆ ದನಿ ಕೇಳಿದರೆ ಸುಮ್ಮನಾಗುವುದು ಅವರಿಗೆ ರೂಢಿ. ಮಕ್ಕಳು ತಿರುಗಿದ್ದು ನೋಡಿ ದೊಡ್ಡವರೂ ತಿರುಗಿದರು. ಭಾನುಪ್ರಿಯಾ ಬಾಗಿಲಿಂದ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

‘ಅವ್ರು ತಮಾಸೆ ಮಾಡ್ತಿಲ್ಲ’ ಅಂದಳು. ‘ಆ ಉಡ್ಗಿ ನಾನೇ.’

ರಿಜಿಸ್ಟರು ಹಿಡಿದ ಹುಡುಗಿ ಅಮ್ಮನ ಕಡೆ ನೋಡಿದಳು, ಆಮೇಲೆ ವೇದಿಕೆ ಕಡೆ ನೋಡಿದಳು. ಗುರುಪ್ರಕಾಶ್ ಭಾನುಪ್ರಿಯಾಳನ್ನು ಎರಡನೇ ಸಲ ವೇದಿಕೆಯ ಮುಂದೆ ನಿಲ್ಲಿಸಿದ್ದ, ಅದೂ ಅವಳ ಮಗಳ ಎದುರಿಗೆ. ನಿಜ ಹೇಳುವುದಕ್ಕೂ ಅವಳೇ ಬಂದು ಜಾಗ ಮಾಡಿಕೊಡಬೇಕಾಯಿತಲ್ಲ. ಇಷ್ಟು ಜನ ಇದ್ದೂ ಸುಮ್ಮನಿರುವ ಸಭೆಯ ಮುಂದೆ ಅವನು ಯಾವತ್ತೂ ನಿಂತವನಲ್ಲ. ‘ಕಾಗದದಲ್ಲಿ ತಪ್ಪು ಬರೆದೋನು ನಾನು’ ಅಂದ. ‘ಗೊತ್ತಿದ್ದೂ ಇವಳ ಮೇಲೆ ಹಾಕಿದೆ.’ ಮೈಕು ಎದೆಯ ಹತ್ತಿರ ಇಳಿದಿತ್ತು, ಮಾತು ಅವನ ಅಂಗಿಯಲ್ಲೇ ಉಳಿಯಿತು.

ಅವಳು ಸೆರಗು ಬಿಟ್ಟು ತಲೆ ಎತ್ತಿದಳು.

‘ಜೋರಾಗ್ ಏಳಿ ಸಾರ್. ಇಂದ್ಗಡೆಯೋರ್ಗೆ ಕೇಳುಸ್ತಿಲ್ಲ.’

ಯಾರೂ ನಗಲಿಲ್ಲ. ಗುರುಪ್ರಕಾಶ್ ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡು, ಮೊದಲಿಂದ ಶುರು ಮಾಡಿದ.